ಎಚ್ಚರ ತಪ್ಪಿದವರು ಯಾರು?

ನಮ್ಮ ಸ್ಟಾಫ್ ರೂಮಿನ ಗೋಡೆಯ ಮೇಲೆ ಪ್ರತಿ ವರ್ಷವೂ ಒಂದು ದೊಡ್ಡ ಕ್ಯಾಲೆಂಡರು ತೂಗುತ್ತದೆ. ಊರಿನ ಚಿನ್ನದಂಗಡಿಯವರು ಕೊಡುವಂಥದ್ದು. ಏಕಾದಶಿ, ಸಂಕಷ್ಟಿ, ರಾಹುಕಾಲ ಎಲ್ಲವೂ ಅದರಲ್ಲಿರುತ್ತವೆ. ಯಾರಾದರೂ ಹೆಂಗಸು ಅದರ ಮುಂದೆ ನಿಂತು ಬೆರಳಿನಿಂದ ಒಂದೊಂದೇ ಮನೆ ಮುಟ್ಟುತ್ತಾ ತುಟಿಯೊಳಗೇ ಎಣಿಸುತ್ತಿದ್ದರೆ, ಅವಳು ಎಣಿಸುತ್ತಿರುವುದು ಹಬ್ಬಗಳನ್ನೋ ಬೇರೇನನ್ನೋ ಎಂಬುದು ಇಪ್ಪತ್ತೆಂಟು ವರ್ಷ ಅದೇ ಕೋಣೆಯಲ್ಲಿ ಕೂತ ನನಗೆ ಬೆನ್ನು ನೋಡಿದರೇ ತಿಳಿಯುತ್ತದೆ.

2018ರ ಜುಲೈ ತಿಂಗಳಲ್ಲಿ ಹಾಗೆ ಎಣಿಸುತ್ತಾ ನಿಂತಿದ್ದವಳು ನಮ್ಮ ಕಿರಿಯ ಸಹೋದ್ಯೋಗಿ. ವಯಸ್ಸು ಮೂವತ್ತನಾಲ್ಕು, ಇಬ್ಬರು ಮಕ್ಕಳು. ಎರಡನೆಯದು ಹುಟ್ಟಿದ ಮೇಲೆ ವಂಕಿ ಹಾಕಿಸಿಕೊಂಡಿದ್ದಳು. ಗಂಡನಿಗೆ ಬೇರೆ ಜಿಲ್ಲೆಯಲ್ಲಿ ಕೆಲಸ, ಎರಡು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಮಧ್ಯಾಹ್ನದ ಊಟ ಮುಗಿಸಿ ಎಲ್ಲರೂ ಎದ್ದು ಹೋದ ಮೇಲೆ ಅವಳು ನನ್ನ ಪಕ್ಕದ ಕುರ್ಚಿಗೆ ಬಂದು ಕೂತಳು.

"ಮೇಡಂ, ಹನ್ನೆರಡು ದಿನ ಆಯ್ತು. ಇನ್ನೂ ಆಗಿಲ್ಲ."

ಏನು ಆಗಿಲ್ಲ ಎಂದು ಹೆಂಗಸಿಗೆ ಹೆಂಗಸು ಬಿಡಿಸಿ ಹೇಳಬೇಕಾಗಿಲ್ಲ. ನಾನು ಯೋಚನೆಯನ್ನೇ ಮಾಡದೆ ಹೇಳಿದ ಮಾತು ಇದು: "ಅಯ್ಯೋ, ಸ್ವಲ್ಪ ಎಚ್ಚರವಾಗಿ ಇರಬಾರದಿತ್ತೇನಮ್ಮ?"

ಅವಳು ಏನೂ ಹೇಳಲಿಲ್ಲ. ಎದ್ದು ಡಬ್ಬಿ ತೊಳೆಯಲು ಹೋದಳು. ಮತ್ತೆ ಆ ವಿಷಯ ನನ್ನ ಹತ್ತಿರ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಕೇಳದೆ ಇರುವುದೇ ಸಭ್ಯತೆ ಎಂದುಕೊಂಡೆ.

ಆಮೇಲೆ ನಡೆದದ್ದು ನನಗೆ ತಿಳಿದದ್ದು ತಡವಾಗಿ. ಒಂದು ವಾರ ಬಿಟ್ಟು ಅವಳು ಒಬ್ಬಳೇ ಒಂದು ನರ್ಸಿಂಗ್ ಹೋಮಿಗೆ ಹೋಗಿದ್ದಳು. ಅಲ್ಲಿಯವರು ಪರೀಕ್ಷೆ ಮಾಡುವ ಮೊದಲೇ "ಗಂಡನನ್ನು ಕರೆದುಕೊಂಡು ಬನ್ನಿ, ಸಹಿ ಬೇಕು" ಎಂದು ಕಳಿಸಿದರು. ಭಾನುವಾರ ಗಂಡ ಬಂದರು. ನರ್ಸಿಂಗ್ ಹೋಮಿಗೆ ಹೋದರೆ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆಂದು ಔಷಧಿ ಅಂಗಡಿಯಿಂದ ಮಾತ್ರೆ ತಂದುಕೊಟ್ಟರು. ಸ್ವಲ್ಪ ಸ್ರಾವವಾಯಿತು. ಮುಗಿಯಿತು ಎಂದುಕೊಂಡಳು. ಹತ್ತು ದಿನದ ಮೇಲೆ ಮಕ್ಕಳಿಗೆ ಬಿಸಿಯೂಟ ಬಡಿಸುವ ಹೊತ್ತಿನಲ್ಲಿ ಹೊಟ್ಟೆಯ ಒಂದು ಪಕ್ಕ ಹಿಡಿದುಕೊಂಡು ವರಾಂಡದಲ್ಲಿ ಕುಸಿದಳು. ಹೆಡ್‌ಮಾಸ್ಟರರ ಕಾರಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಓಡಿದೆವು. ಗರ್ಭ ನಿಂತಿದ್ದುದು ಗರ್ಭಕೋಶದಲ್ಲಲ್ಲ, ನಾಳದಲ್ಲಿ. ನಾಳ ಒಡೆದು ಹೊಟ್ಟೆಯೊಳಗೆಲ್ಲ ರಕ್ತ. ಆ ರಾತ್ರಿ ಅವಳಿಗೆ ಮೂರು ಬಾಟಲಿ ರಕ್ತ ಕೊಟ್ಟರು, ಒಂದು ನಾಳ ತೆಗೆದರು. ಬದುಕಿಕೊಂಡಳು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ಆ ರಾತ್ರಿಯಿಡೀ ನನ್ನನ್ನು ಕಾಡಿದ್ದು ನನ್ನದೇ ಮಾತು. "ಎಷ್ಟು ದಿನವಾಯಿತು, ಪರೀಕ್ಷೆ ಮಾಡಿಕೊಂಡೆಯಾ, ನಡಿ ನಾನೂ ಬರುತ್ತೇನೆ" ಎಂದು ಅಂದೇ ಹೇಳಿದ್ದರೆ ಅವಳು ಅಷ್ಟು ದಿನ ಕಳೆಯುತ್ತಿರಲಿಲ್ಲ. ಬಿಎಡ್ ಮಾಡಿದವಳು, ಬಾಲ್ಯವಿವಾಹ ತಡೆಯಬೇಕೆಂದು ಶಾಲೆಯಲ್ಲಿ ಭಾಷಣ ಮಾಡಿಸುವವಳು, ನನ್ನ ಬಾಯಲ್ಲಿ ಬಂದದ್ದು ಮಾತ್ರ ನಮ್ಮಜ್ಜಿಯ ಕಾಲದ ಗದರಿಕೆ.

ಈ "ಎಚ್ಚರ" ಎಂಬ ಮಾತನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ನನ್ನ ಸಹೋದ್ಯೋಗಿ ಎಚ್ಚರ ತಪ್ಪಿದ್ದಳೇ? ಕೆಲಸಕ್ಕೆ ರಜೆ ಹಾಕಿ, ಸಾಲಿನಲ್ಲಿ ನಿಂತು, ನೋವು ತಿಂದು ವಂಕಿ ಹಾಕಿಸಿಕೊಂಡು ಬಂದವಳು ಅವಳು. ಇಡೀ ಸಂಸಾರದಲ್ಲಿ ಎಚ್ಚರವಿದ್ದವಳು ಅವಳೊಬ್ಬಳೇ. ತಪ್ಪಿದ್ದು ಸಾಧನ.

ಯಾವ ಸಾಧನವೂ ನೂರಕ್ಕೆ ನೂರು ಕೆಲಸ ಮಾಡುವುದಿಲ್ಲ. ಇದು ಗುಟ್ಟಿನ ವಿಷಯವೇನಲ್ಲ, ವೈದ್ಯಕೀಯ ಪುಸ್ತಕಗಳಲ್ಲೇ ಇದೆ. ದಿನನಿತ್ಯದ ಬದುಕಿನಲ್ಲಿ ಜನ ಬಳಸುವ ರೀತಿಯಲ್ಲೇ ಬಳಸಿದರೆ, ನಿರೋಧ್ ನೆಚ್ಚಿಕೊಂಡ ನೂರು ಜೋಡಿಗಳಲ್ಲಿ ಮೊದಲ ವರ್ಷದಲ್ಲಿ ಸುಮಾರು 13 ಹೆಂಗಸರಿಗೆ ಗರ್ಭ ನಿಲ್ಲುತ್ತದೆ. ನುಂಗುವ ಮಾತ್ರೆಯಲ್ಲಿ ಸುಮಾರು 7 ಮಂದಿಗೆ. ಗಂಡಸು "ನಾನು ನೋಡಿಕೊಳ್ಳುತ್ತೇನೆ" ಎನ್ನುವ ವಿಧಾನದಲ್ಲಿ ಸುಮಾರು 20 ಮಂದಿಗೆ. ಕಾಪರ್-ಟಿಯಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಹೆಂಗಸರ ಆಪರೇಷನ್‌ನಲ್ಲಿ ಸಾವಿರಕ್ಕೆ ಸುಮಾರು ಐದು. ಸಾವಿರಕ್ಕೆ ಐದು ಎಂದರೆ ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಆದರೆ ಲಕ್ಷಗಟ್ಟಲೆ ಹೆಂಗಸರು ಆಪರೇಷನ್ ಮಾಡಿಸಿಕೊಂಡಿರುವ ನಾಡಿನಲ್ಲಿ ಆ ಸಣ್ಣ ಸಂಖ್ಯೆಯೇ ಊರೂರು ತುಂಬುವಷ್ಟು ಹೆಂಗಸರಾಗುತ್ತದೆ. ಅವರಲ್ಲಿ ಒಬ್ಬೊಬ್ಬಳೂ "ನನಗೊಬ್ಬಳಿಗೇ ಹೀಗಾಯಿತು, ನನ್ನಲ್ಲೇ ಏನೋ ತಪ್ಪಿದೆ" ಎಂದುಕೊಂಡು ಬಾಯಿ ಮುಚ್ಚಿಕೊಂಡಿರುತ್ತಾಳೆ.

ಆಪರೇಷನ್ ಆದವಳಿಗೆ ಮುಟ್ಟು ನಿಂತರೆ ಇನ್ನೊಂದು ಕಷ್ಟವಿದೆ. ಅವಳ ಕಡೆ ಬೀಳುವ ದೃಷ್ಟಿಯೇ ಬೇರೆ. "ಆಪರೇಷನ್ ಆಗಿದೆಯಲ್ಲ, ಮತ್ತೆ ಹೇಗಾಯಿತು?" ಎಂಬ ಪ್ರಶ್ನೆಯ ಹಿಂದೆ ಏನು ಅಡಗಿದೆ ಎಂಬುದು ನಮಗೆಲ್ಲ ಗೊತ್ತು. ಗಂಡನೇ ಆಪರೇಷನ್ ಮಾಡಿಸಿಕೊಂಡಿದ್ದರಂತೂ ಕೇಳುವುದೇ ಬೇಡ, ಅವಳ ಬಾಳೇ ಬೀದಿಗೆ ಬರುತ್ತದೆ. ಗಂಡಸರ ಆಪರೇಷನ್ ಆದ ಮೇಲೂ ಸುಮಾರು ಮೂರು ತಿಂಗಳು ಬೇರೆ ಸಾಧನ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು ಎಂಬುದು ಎಷ್ಟು ಮನೆಗಳಿಗೆ ತಿಳಿದಿದೆ? ಒಂದು ಪರೀಕ್ಷೆಯಿಂದ ತಿಳಿಯಬೇಕಾದದ್ದನ್ನು ಹೆಂಡತಿಯ ನಡತೆಯಲ್ಲಿ ಹುಡುಕುತ್ತಾರೆ.

ಸಾಧನ ಸೋತಾಗ ಹೆಂಗಸಿನ ತಲೆಗೆ ಕಟ್ಟುವ ಚಾಳಿ ಇಂದಿನದಲ್ಲ. ಸಂತಾನ ನಿಯಂತ್ರಣದ ವಿಷಯದಲ್ಲಿ ನಮ್ಮ ನಾಡು ಬಹಳ ಮುಂದಿತ್ತು ಎಂದು ಹೆಮ್ಮೆ ಪಡುತ್ತೇವೆ, ಪಡಬೇಕಾದದ್ದೇ. 1930ರಲ್ಲೇ ಮೈಸೂರು ಸಂಸ್ಥಾನದ ಸರ್ಕಾರ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೇ ಅಂಥ ಚಿಕಿತ್ಸಾಲಯ ತೆರೆದದ್ದು ಪ್ರಪಂಚದಲ್ಲೇ ಮೊದಲು ಎಂದು ಹೇಳುತ್ತಾರೆ. 1952ರಲ್ಲಿ ಭಾರತ ಸರ್ಕಾರ ಕುಟುಂಬ ಯೋಜನೆಗೆ ಕೈ ಹಾಕಿದಾಗ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನ ಒಂದು ಪ್ರಯೋಗಕ್ಕೆ ಆರಿಸಿಕೊಂಡ ಎರಡು ಜಾಗಗಳಲ್ಲಿ ಒಂದು ದೆಹಲಿಯ ಲೋಧಿ ಕಾಲೊನಿ, ಇನ್ನೊಂದು ನಮ್ಮ ರಾಮನಗರ. ತಿಂಗಳ ಇಂಥ ದಿನಗಳಲ್ಲಿ ಸೇರಬಾರದು, ಇಂಥ ದಿನಗಳಲ್ಲಿ ಸೇರಬಹುದು ಎಂಬ ಲೆಕ್ಕದ ಪ್ರಯೋಗ ಅದು. ದಿನ ಎಣಿಸುವುದಕ್ಕೆ ಹೆಂಗಸರ ಕೈಗೆ ಬಣ್ಣದ ಮಣಿಗಳ ಸರ ಕೊಡುವ ಉಪಾಯವನ್ನೂ ಮಾಡಿದರು. ಪ್ರಯೋಗ ಫಲಿಸಲಿಲ್ಲ. ಆಮೇಲೆ ಉಳಿದದ್ದು ನಗೆಯ ಕಥೆಗಳು. ಹೆಂಗಸರು ಮಣಿ ತಪ್ಪಾಗಿ ಸರಿಸಿದರಂತೆ, ಸರ ಹಾಕಿಕೊಂಡರೇ ಸಾಕು ಗರ್ಭ ನಿಲ್ಲುವುದಿಲ್ಲ ಎಂದುಕೊಂಡರಂತೆ! ನಕ್ಕವರು ಯಾರೂ ಕೇಳದ ಪ್ರಶ್ನೆ ಒಂದಿದೆ. ಕೆಂಪು ದಿನ ಬಂತು ಎಂದು ಹೆಂಗಸು ಮಣಿ ತೋರಿಸಿದರೆ ಗಂಡಸು ಆಚೆಗೆ ಸರಿದು ಮಲಗುತ್ತಿದ್ದನೇ? ಸರ ಅವಳ ಕೈಯಲ್ಲಿತ್ತು, ರಾತ್ರಿ ಅವಳ ಕೈಯಲ್ಲಿರಲಿಲ್ಲ.

ಇದನ್ನೆಲ್ಲ ನೋಡಿದರೆ ನಮ್ಮ ಸಮಾಜಕ್ಕಿಂತ ನಮ್ಮ ಕಾನೂನಿಗೇ ಹೆಚ್ಚು ವಿವೇಕವಿದೆ ಎನಿಸುತ್ತದೆ. 1971ರಲ್ಲಿ ಸಂಸತ್ತು ವೈದ್ಯಕೀಯ ಗರ್ಭಪಾತ ಕಾಯಿದೆ ಮಾಡಿತು. ಮಕ್ಕಳ ಸಂಖ್ಯೆ ಮಿತಿಗೊಳಿಸಲು ಮದುವೆಯಾದ ಹೆಂಗಸು ಅಥವಾ ಅವಳ ಗಂಡ ಬಳಸಿದ ಸಾಧನ ವಿಫಲವಾಗಿ ಗರ್ಭ ನಿಂತರೆ, ಆ ಬೇಡದ ಗರ್ಭದಿಂದ ಅವಳಿಗಾಗುವ ಸಂಕಟವನ್ನು ಮನಸ್ಸಿನ ಆರೋಗ್ಯಕ್ಕೆ ಆದ ದೊಡ್ಡ ಹಾನಿ ಎಂದೇ ಭಾವಿಸಬಹುದು ಎಂದು ಅದರಲ್ಲಿ ಬರೆದಿದೆ. ಗಮನಿಸಿ, ಕಾಯಿದೆ ಬಳಸಿದ ಮಾತು ಸಾಧನದ ವೈಫಲ್ಯ. ಹೆಂಗಸಿನ ವೈಫಲ್ಯ ಅಲ್ಲ. ಐವತ್ತು ವರ್ಷದ ಹಿಂದೆ, ಹೆಚ್ಚುಕಡಿಮೆ ಗಂಡಸರೇ ತುಂಬಿದ್ದ ಸಂಸತ್ತಿಗೆ ಹೊಳೆದದ್ದು 2018ರಲ್ಲಿ ನನಗೆ ಹೊಳೆಯಲಿಲ್ಲ.

2021ರಲ್ಲಿ ಆ ಕಾಯಿದೆಗೆ ತಿದ್ದುಪಡಿಯಾಯಿತು. "ಮದುವೆಯಾದ ಹೆಂಗಸು ಅಥವಾ ಅವಳ ಗಂಡ" ಎಂದಿದ್ದ ಜಾಗದಲ್ಲಿ "ಯಾವುದೇ ಹೆಂಗಸು ಅಥವಾ ಅವಳ ಸಂಗಾತಿ" ಎಂದಾಯಿತು. ಸಾಧನ ವಿಫಲವಾದ ಕಾರಣಕ್ಕೆ 20 ವಾರದವರೆಗೆ ಒಬ್ಬ ಅರ್ಹ ವೈದ್ಯರ ಅಭಿಪ್ರಾಯ ಸಾಕು. ಅವಳ ಹೆಸರನ್ನೂ ವಿವರವನ್ನೂ ಕಾನೂನಿನ ಅಧಿಕಾರ ಇಲ್ಲದವರಿಗೆ ವೈದ್ಯರು ಬಿಟ್ಟುಕೊಟ್ಟರೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಮದುವೆಯಾಗದ ಹೆಣ್ಣನ್ನು ಈ ಕಾಯಿದೆಯ ಸವಲತ್ತಿನಿಂದ ಹೊರಗಿಡುವಂತಿಲ್ಲ ಎಂದು ಸ್ಪಷ್ಟವಾಗಿ ತೀರ್ಪು ಕೊಟ್ಟಿತು. ನಮ್ಮ ಹೆಣ್ಣುಮಕ್ಕಳು ಓದಿಗೆ, ಕೆಲಸಕ್ಕೆ ಬೆಂಗಳೂರು ಸೇರಿ ಪೀಜಿಗಳಲ್ಲಿ ಇದ್ದಾರೆ. ಅವರಲ್ಲಿ ಒಬ್ಬಳು ಅರ್ಧ ರಾತ್ರಿಯಲ್ಲಿ ಫೋನು ಮಾಡಿ "ಅಮ್ಮಾ" ಎಂದು ಸುಮ್ಮನಾದರೆ, ನಾವು ಏನು ಕೇಳುತ್ತೇವೆ ಎಂಬುದನ್ನು ಈಗಲೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು.

ಕಾನೂನು ಪೂರ್ತಿ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಈಗಲೂ ಕೊನೆಯ ಮಾತು ವೈದ್ಯರದೇ. ಆದರೆ ಒಂದು ವಿಷಯದಲ್ಲಿ ಮಾತ್ರ ಅದು ನಿಸ್ಸಂದೇಹವಾಗಿದೆ. ಹದಿನೆಂಟು ತುಂಬಿದ, ಮಾನಸಿಕ ಅಸ್ವಾಸ್ಥ್ಯವಿಲ್ಲದ ಹೆಂಗಸಿನ ಗರ್ಭ ತೆಗೆಯಲು ಬೇಕಾದ ಒಪ್ಪಿಗೆ ಅವಳೊಬ್ಬಳದೇ. ಅದಕ್ಕೆಂದೇ "ಸಿ" ನಮೂನೆ ಎಂಬ ಒಂದು ಹಾಳೆ ಇದೆ. ಅದರಲ್ಲಿ ಅವಳು ಸಹಿ ಹಾಕಬೇಕು. ಗಂಡನ ಸಹಿಗೆ ಅದರಲ್ಲಿ ಜಾಗವೇ ಇಲ್ಲ. ತನ್ನ ಒಪ್ಪಿಗೆಯಿಲ್ಲದೆ ಹೆಂಡತಿ ಗರ್ಭ ತೆಗೆಸಿದಳು ಎಂದು ಒಬ್ಬ ಗಂಡ ಹೆಂಡತಿಯ ಮೇಲೂ ವೈದ್ಯರ ಮೇಲೂ ಪರಿಹಾರಕ್ಕೆ ದಾವೆ ಹೂಡಿದ್ದ. ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು ಅದನ್ನು ಒಪ್ಪಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟೂ ಅವನ ಮೇಲ್ಮನವಿಯನ್ನು ತಳ್ಳಿಹಾಕಿತು. ಹಾಗಿದ್ದರೂ ನಮ್ಮ ಊರುಗಳ ಕೌಂಟರುಗಳಲ್ಲಿ "ಯಜಮಾನರು ಬಂದಿದಾರಾ?" ಎಂಬುದೇ ಮೊದಲ ಪ್ರಶ್ನೆ. ಇದು ಕಾನೂನಲ್ಲ, ರೂಢಿ. ನಾಳೆ ಗಲಾಟೆಯಾದರೆ ಎಂದು ಆಸ್ಪತ್ರೆಯವರಿಗೆ ಭಯ. ಅವರ ಭಯಕ್ಕೆ ಬೆಲೆ ತೆತ್ತವಳು ನನ್ನ ಸಹೋದ್ಯೋಗಿ.

"ಮಗುವಿನಲ್ಲಿ ಗಂಡನ ಪಾಲಿಲ್ಲವೇ, ಅವನನ್ನು ಕೇಳುವುದು ನ್ಯಾಯವಲ್ಲವೇ?" ಎಂದು ಈ ಮಾತಿಗೆ ನನ್ನ ತಮ್ಮನೇ ವಾದಿಸಿದ. ಒಳ್ಳೆಯ ಸಂಸಾರದಲ್ಲಿ ಹೆಂಡತಿ ಗಂಡನಿಗೆ ಹೇಳಿಯೇ ಹೇಳುತ್ತಾಳೆ, ಅದಕ್ಕೆ ಆಸ್ಪತ್ರೆಯ ಸಹಿ ಬೇಕಾಗಿಲ್ಲ. ಹೇಳಲಾರದ ಸಂಸಾರದಲ್ಲಿ ಆ ಸಹಿ ಅವಳ ಕುತ್ತಿಗೆಗೆ ಬೀಳುವ ಹಗ್ಗ. ಪಾಲಿನ ಮಾತಿಗೆ ಬಂದರೆ, ಒಪ್ಪಿಗೆಯಲ್ಲಿ ಪಾಲು ಕೇಳುವವರು ಹೊಣೆಯಲ್ಲೂ ಕೇಳಬೇಕಲ್ಲ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಮಂದಿ ಆಪರೇಷನ್ ಮಾಡಿಸಿಕೊಂಡಿದ್ದರು. ಗಂಡಸರ ಆಪರೇಷನ್ ನೂರಕ್ಕೆ 0.3. ನಮ್ಮ ಕರ್ನಾಟಕದಲ್ಲಿ ಹೆಂಗಸರದು ನೂರಕ್ಕೆ 57, ಗಂಡಸರದು ಲೆಕ್ಕದ ಕೋಷ್ಟಕದಲ್ಲಿ ಸೊನ್ನೆ. ಗಂಡಸರದು ಹೊಟ್ಟೆ ಕೊಯ್ಯದ, ಕೆಲವೇ ನಿಮಿಷದ ಸಣ್ಣ ಚಿಕಿತ್ಸೆ, ಸೋಲುವ ಸಂಭವವೂ ಹೆಂಗಸರದಕ್ಕಿಂತ ಕಡಿಮೆ. ಆದರೂ ಸೊನ್ನೆ. ಈ ಸೊನ್ನೆಯ ಮೇಲೆ ಕೂತು ಸಹಿ ಹಾಕುವ ಹಕ್ಕು ಕೇಳುವುದು ಯಾವ ನ್ಯಾಯ? ನನ್ನ ತಮ್ಮ ಇದಕ್ಕೆ ಉತ್ತರ ಕೊಡಲಿಲ್ಲ, ಕಾಫಿ ಕೇಳಿದ.

ಹೆಂಗಸು ಬಾಯಿಬಿಟ್ಟು ಹೇಳಿದರೂ ನಂಬದಿರುವುದು ಇನ್ನೊಂದು ರೋಗ. ಹರಿಯಾಣದ ಸಂತ್ರಾ ಎಂಬ ಬಡ ಕೂಲಿ ಹೆಂಗಸಿನ ಮೊಕದ್ದಮೆಯನ್ನು ಪ್ರತಿಯೊಬ್ಬ ಹೆಂಗಸೂ ತಿಳಿದಿರಬೇಕು. ಅವಳಿಗೆ ಆಗಲೇ ಏಳು ಮಕ್ಕಳು. 1988ರಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡಳು. ಆಮೇಲೆ ಗರ್ಭದ ಅನುಮಾನ ಬಂದು ವೈದ್ಯರ ಬಳಿ ಹೋದರೆ "ನೀನು ಬಸುರಿಯಲ್ಲ" ಎಂದು ಹೇಳಿ ಕಳಿಸಿದರು. ಎರಡು ತಿಂಗಳು ಕಳೆದು ಹೊಟ್ಟೆ ಎದ್ದು ಕಾಣತೊಡಗಿದ ಮೇಲೆ ಮತ್ತೆ ಹೋದಳು. ಆಗ ಆಪರೇಷನ್ ಫಲಿಸಿಲ್ಲ ಎಂದರು. ಗರ್ಭ ತೆಗೆಯಿರಿ ಎಂದು ಕೇಳಿದರೆ ಈಗ ಜೀವಕ್ಕೆ ಅಪಾಯ ಎಂದರು. ಎಂಟನೆಯ ಮಗು, ಹೆಣ್ಣು ಮಗು ಹುಟ್ಟಿತು. ವಿಚಾರಣೆಯಲ್ಲಿ ಹೊರಬಿದ್ದ ಸತ್ಯವೇನೆಂದರೆ, ವೈದ್ಯರು ಬಲಗಡೆಯ ನಾಳವನ್ನು ಮಾತ್ರ ಕಟ್ಟಿದ್ದರು, ಎಡಗಡೆಯದನ್ನು ಮುಟ್ಟಿರಲೇ ಇಲ್ಲ! ಕೆಳಗಿನ ಕೋರ್ಟು 54,000 ರೂಪಾಯಿ ಪರಿಹಾರ ಕೊಟ್ಟಿತು. ಸರ್ಕಾರ ಅದನ್ನೂ ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2000ನೆಯ ಇಸವಿಯಲ್ಲಿ ಸಂತ್ರಾ ಗೆದ್ದಳು. ಎಲ್ಲರಿಗೂ ಹಾಗೆ ಗೆಲುವು ಸಿಗುವುದಿಲ್ಲ. ಆಪರೇಷನ್ ವಿಫಲವಾದ ಮಾತ್ರಕ್ಕೆ ವೈದ್ಯರ ನಿರ್ಲಕ್ಷ್ಯ ಎಂದಾಗುವುದಿಲ್ಲ ಎಂದು 2005ರಲ್ಲಿ ಅದೇ ಸುಪ್ರೀಂ ಕೋರ್ಟು ಬೇರೊಂದು ಮೊಕದ್ದಮೆಯಲ್ಲಿ ಹೇಳಿತು. ಇರಲಿ. ನನಗೆ ಸಂತ್ರಾ ಕಥೆಯಲ್ಲಿ ಪರಿಹಾರದ ಹಣಕ್ಕಿಂತ ಮುಖ್ಯವಾಗಿ ಕಾಣುವುದು ಆ ಎರಡು ತಿಂಗಳು. ತನ್ನ ಮೈಯಲ್ಲಿ ಏನಾಗುತ್ತಿದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದವಳ ಮಾತು ಕೇಳಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಈ ವಿಷಯದಲ್ಲಿ ದಿನಗಳೇ ದೊಡ್ಡ ಆಸ್ತಿ. ನಾವು ಅದನ್ನೇ ನಾಚಿಕೆಗೆ ದಾನ ಮಾಡುತ್ತೇವೆ. ಮೊದಲ ವಾರ "ನೋಡೋಣ" ಎನ್ನುವುದರಲ್ಲಿ ಹೋಗುತ್ತದೆ. ಎರಡನೆಯ ವಾರ ಪರಂಗಿಹಣ್ಣು, ಎಳ್ಳು-ಬೆಲ್ಲದ ಚಿಗಳಿ, ಯಾರೋ ಹೇಳಿದ ಕಷಾಯ. ಮೂರನೆಯ ವಾರ ದೇವರಿಗೆ ಹರಕೆ. ನಿಂತ ಗರ್ಭವನ್ನು ಪರಂಗಿಹಣ್ಣು ಇಳಿಸುವುದಿಲ್ಲ, ದಿನಗಳನ್ನು ಮಾತ್ರ ಇಳಿಸುತ್ತದೆ. ನಮಗೆ ತಿಳಿಯದ ಇನ್ನೊಂದು ಲೆಕ್ಕವಿದೆ. ವೈದ್ಯರು ವಾರ ಎಣಿಸುವುದು ಮುಟ್ಟು ತಪ್ಪಿದ ದಿನದಿಂದಲ್ಲ, ಹಿಂದಿನ ಮುಟ್ಟಿನ ಮೊದಲ ದಿನದಿಂದ. "ಹನ್ನೆರಡು ದಿನ ಆಯ್ತು ಮೇಡಂ" ಎಂದು ನನ್ನ ಸಹೋದ್ಯೋಗಿ ಹೇಳಿದ ದಿನ ವೈದ್ಯರ ಲೆಕ್ಕದಲ್ಲಿ ಐದು ವಾರ ಮುಗಿದು ಆರನೆಯದು ನಡೆಯುತ್ತಿತ್ತು. ಮಾತ್ರೆಯ ಮೂಲಕ ಗರ್ಭ ತೆಗೆಯಲು ನಿಯಮದಲ್ಲಿ ಒಂಬತ್ತು ವಾರದ ಮಿತಿಯಿದೆ. ನಾಚಿಕೆಗೆ ಉಳಿಯುವುದು ಎಷ್ಟು ದಿನ, ನೀವೇ ಲೆಕ್ಕ ಹಾಕಿ.

ಆದ್ದರಿಂದ ಮಗ್ಗಿ ಕಲಿಸುವ ಹಾಗೆ ನಾಲ್ಕು ಮಾತು ಹೇಳುತ್ತೇನೆ, ಓದುವ ಸೋದರಿಯರು ಬೇಸರಿಸಬಾರದು. ದಿನ ತಪ್ಪಿತೇ, ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡಿಕೊಳ್ಳಿ. ಔಷಧಿ ಅಂಗಡಿಯಲ್ಲಿ ಪಟ್ಟಿ ಸಿಗುತ್ತದೆ. ಅಂಗಡಿಗೆ ಹೋಗಲು ಸಂಕೋಚವಾದರೆ ನಿಮ್ಮ ಕಡೆಯ ಆಶಾ ಕಾರ್ಯಕರ್ತೆಯನ್ನು ಕೇಳಿ, ಸರ್ಕಾರದ "ನಿಶ್ಚಯ್" ಕಿಟ್ ಅವರಿಗೆ ಇದಕ್ಕೆಂದೇ ಕೊಟ್ಟಿರುವುದು. ಬೆಳಗಿನ ಮೊದಲ ಮೂತ್ರ ಒಳ್ಳೆಯದು. ಎರಡು ಗೆರೆ ಬಂದರೆ, ಎರಡನೆಯದು ಮಸುಕಾಗಿದ್ದರೂ, ಗರ್ಭ ಎಂದೇ ತಿಳಿದು ವೈದ್ಯರ ಬಳಿ ಹೋಗಿ. ಒಂದೇ ಗೆರೆ ಬಂದು ಮುಟ್ಟೂ ಆಗದಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಿ. ಮುಟ್ಟು ತಪ್ಪುವುದಕ್ಕೆ ಥೈರಾಯ್ಡು, ಮಾತ್ರೆಗಳು, ಮೂರು ತಿಂಗಳ ಇಂಜೆಕ್ಷನ್, ಮನಸ್ಸಿನ ಬೇಗುದಿ, ನಲವತ್ತೈದು ದಾಟಿದವರಿಗೆ ಮುಟ್ಟು ನಿಲ್ಲುವ ಕಾಲ, ಹೀಗೆ ಬೇರೆ ಕಾರಣಗಳೂ ಇವೆ. ಆದರೆ "ಈ ವಯಸ್ಸಿನಲ್ಲಿ ಅದಲ್ಲ ಬಿಡು" ಎಂದು ಐದು ತಿಂಗಳು ಸುಮ್ಮನಿದ್ದವರನ್ನು ನಾನು ಕಂಡಿದ್ದೇನೆ. ಹಾಲು ಕುಡಿಸುತ್ತಿರುವ ಬಾಣಂತಿಗೂ ಮುಟ್ಟು ಮರಳುವ ಮೊದಲೇ ಗರ್ಭ ನಿಲ್ಲಬಹುದು.

ವಂಕಿ ಇದ್ದೂ ಅಥವಾ ಆಪರೇಷನ್ ಆಗಿಯೂ ಗರ್ಭ ನಿಂತರೆ ಒಂದು ದಿನವೂ ತಡ ಮಾಡಬೇಡಿ. ಅಂಥವರಲ್ಲಿ ಗರ್ಭ ನಾಳದಲ್ಲಿ ನಿಂತಿರುವ ಸಂಭವ ಹೆಚ್ಚು. ಎಲ್ಲಿ ನಿಂತಿದೆ ಎಂದು ಸ್ಕ್ಯಾನ್ ಮಾಡಿಸಿ ನೋಡಲೇಬೇಕು. ಗರ್ಭಪಾತದ ಮಾತ್ರೆಗೆ ನಾಳದ ಗರ್ಭವನ್ನು ತೆಗೆಯುವ ಶಕ್ತಿಯಿಲ್ಲ. ಹೊಟ್ಟೆಯ ಒಂದು ಪಕ್ಕ ನೋವು, ಸ್ರಾವ, ತಲೆ ಸುತ್ತು ಇವು ಕಂಡರೆ ಅಡುಗೆ ಮುಗಿಸಿ ಹೊರಡೋಣ ಎನ್ನಬೇಡಿ, ಒಲೆ ಆರಿಸಿ ಹೊರಡಿ.

ಅಂಗಡಿಯಿಂದ ಮಾತ್ರೆ ತರಿಸಿಕೊಂಡವಳು ನನ್ನ ಸಹೋದ್ಯೋಗಿ ಒಬ್ಬಳೇ ಅಲ್ಲ. 2015ರಲ್ಲಿ ಭಾರತದಲ್ಲಿ ಸುಮಾರು 1 ಕೋಟಿ 56 ಲಕ್ಷ ಗರ್ಭಪಾತಗಳಾದವು ಎಂದು ಲ್ಯಾನ್ಸೆಟ್ ಪತ್ರಿಕೆಗಳ ಬಳಗದಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿದೆ. ಅವುಗಳಲ್ಲಿ ನಾಲ್ಕಕ್ಕೆ ಸುಮಾರು ಮೂರು ಆಸ್ಪತ್ರೆಯ ಹೊರಗೆ, ಮಾತ್ರೆಗಳಿಂದ ಆದವು. ಆ ಮಾತ್ರೆಗಳು ಕೆಟ್ಟವಲ್ಲ. ಸರಿಯಾದ ಕಾಲದಲ್ಲಿ, ವೈದ್ಯರು ನೋಡಿ ಕೊಟ್ಟರೆ ಸುರಕ್ಷಿತವೇ. ಆದರೆ ಸರ್ಕಾರಿ ಆಸ್ಪತ್ರೆಯ ಬಾಗಿಲು ಕಾನೂನಿನಲ್ಲಿ ತೆರೆದಿರುವಾಗ ಇಷ್ಟೊಂದು ಹೆಂಗಸರು ಅಂಗಡಿಯ ಕಟ್ಟೆಗೆ ಯಾಕೆ ಹೋಗುತ್ತಾರೆ? ಅಂಗಡಿಯವನು ದುಡ್ಡು ಕೇಳುತ್ತಾನೆ, "ಎಚ್ಚರವಾಗಿರಬಾರದಿತ್ತೇ" ಎಂದು ಕೇಳುವುದಿಲ್ಲ. ಅಷ್ಟೇ ವ್ಯತ್ಯಾಸ.

"ಇದೆಲ್ಲ ಭ್ರೂಣಹತ್ಯೆಯಲ್ಲವೇ?" ಎಂದು ಕೇಳುವವರಿದ್ದಾರೆ. ಆಸ್ಪತ್ರೆಯ ಗೋಡೆಯ ಮೇಲೆಲ್ಲ ಆ ಪದವೇ ಇರುವುದರಿಂದ ಗೊಂದಲ ಸಹಜ. 1994ರ ಕಾಯಿದೆ ನಿಷೇಧಿಸಿರುವುದು ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ಪತ್ತೆ ಮಾಡುವುದನ್ನು. 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಕದ್ದು ಲಿಂಗಪತ್ತೆ ಮಾಡುತ್ತಿದ್ದ ಜಾಲ ಬಯಲಾದಾಗ ನಾವೆಲ್ಲ ತಲೆ ತಗ್ಗಿಸಿದೆವು. ಹೆಣ್ಣೆಂಬ ಕಾರಣಕ್ಕೆ ಹೊಸಕಿಹಾಕುವವರಿಗೆ ಎಷ್ಟು ಶಿಕ್ಷೆಯಾದರೂ ಕಡಿಮೆಯೇ. ಆದರೆ ಸಾಧನ ಸೋತು, ಐದು-ಆರು ವಾರದಲ್ಲಿ, ಹೆಣ್ಣೋ ಗಂಡೋ ಯಾರಿಗೂ ತಿಳಿಯಲಾರದ ಹೊತ್ತಿನಲ್ಲಿ ಬರುವವಳನ್ನು ಅದೇ ಗೋಡೆಬರಹ ತೋರಿಸಿ ಹೆದರಿಸುವುದು ಕಳ್ಳನನ್ನು ಬಿಟ್ಟು ದಾರಿಹೋಕನನ್ನು ಹಿಡಿದ ಹಾಗೆ. ವಿಚಿತ್ರವೆಂದರೆ, ಹೆಣ್ಣುಮಗು ಬೇಡವೆಂದು ಸೊಸೆಯನ್ನು ಸ್ಕ್ಯಾನಿಂಗಿಗೆ ಕಳಿಸುವ ಮನೆ, ಮೂರನೆಯದು ಸಾಕಲಾರೆ ಎಂದು ಅದೇ ಸೊಸೆ ಅತ್ತಾಗ "ಪಾಪ ಸುತ್ತಿಕೊಳ್ಳುತ್ತೆ" ಎನ್ನುತ್ತದೆ. ಪಾಪದ ಹೆದರಿಕೆ ಅವಳ ಮಾತು ಬಂದಾಗ ಮಾತ್ರ.

ಎಲ್ಲರೂ ತೆಗೆಸಿಕೊಳ್ಳಲಿ ಎಂಬುದೂ ನನ್ನ ವಾದವಲ್ಲ. ಆಗಿದ್ದು ಆಯಿತು, ಇಟ್ಟುಕೊಳ್ಳುತ್ತೇನೆ ಎಂದು ಸಂತೋಷದಿಂದ ಹೆತ್ತವರಿದ್ದಾರೆ. ನಮ್ಮ ಮನೆಗಳಲ್ಲಿ ಎಷ್ಟೋ ಕೊನೆಯ ಮಕ್ಕಳು ಹಾಗೆ ಬಂದವರೇ, ಅವರೇ ಮುಪ್ಪಿನಲ್ಲಿ ಆಸರೆಯಾದವರೂ ಉಂಟು. ಆ ತೀರ್ಮಾನವೂ ಅವಳದೇ ಆಗಬೇಕು. ಇಟ್ಟುಕೊಳ್ಳುವುದಾದರೂ ಬೇಗ ತಿಳಿಯಬೇಕು. ವಂಕಿ ಒಳಗಿದ್ದರೆ ವೈದ್ಯರು ನೋಡಿ ತೆಗೆಯಬೇಕಾಗುತ್ತದೆ. ಬೇಕೆನ್ನುವವಳಿಗೂ ಬೇಡವೆನ್ನುವವಳಿಗೂ ಬೇಕಾದದ್ದು ಒಂದೇ. ಹೆದರಿಕೆಯಿಲ್ಲದೆ ಹೇಳಿಕೊಳ್ಳಲು ಒಂದು ಜಾಗ.

ಆ ಜಾಗ ನಾವೇ ಆಗಬೇಕು. ಇದನ್ನು ನಾನು ಗಂಡಸರಿಗಾಗಿ ಬರೆಯುತ್ತಿಲ್ಲ, ಅವರಿಗೆ ಹೇಳಬೇಕಾದದ್ದು ಬೇರೆ ಬೇಕಾದಷ್ಟಿದೆ. ದಿನ ತಪ್ಪಿದವಳು ಮೊದಲು ಬರುವುದು ಹೆಂಗಸರ ಹತ್ತಿರವೇ. ಅಕ್ಕನ ಹತ್ತಿರ, ಪಕ್ಕದ ಮನೆಯವಳ ಹತ್ತಿರ, ಸ್ಟಾಫ್ ರೂಮಿನ ಹಿರಿಯ ಮೇಡಂ ಹತ್ತಿರ, ಆಸ್ಪತ್ರೆಯ ಸಿಸ್ಟರ್ ಹತ್ತಿರ. ನಾವು ಅಲ್ಲಿ ಕೇಳುವ ಮೊದಲ ಪ್ರಶ್ನೆಯ ಮೇಲೆ ಅವಳು ಮುಂದೆ ಎಲ್ಲಿಗೆ ಹೋಗುತ್ತಾಳೆ ಎಂಬುದು ನಿಂತಿದೆ. ಹತ್ತನೆಯ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠವಿದೆ, ಗರ್ಭನಿರೋಧಕಗಳ ವಿಷಯವೂ ಅದರಲ್ಲಿದೆ. ಆ ಪಾಠ ಬಂದಾಗ "ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ಮಗುಚುವವರೂ ನಾವೇ. ಯಾವ ಮನೆಯಲ್ಲಿ ಓದಿಕೊಳ್ಳಬೇಕು ಆ ಮಕ್ಕಳು?

ನನ್ನ ಸಹೋದ್ಯೋಗಿ ಆರು ವಾರದ ಮೇಲೆ ಕೆಲಸಕ್ಕೆ ಬಂದಳು. ನಾನು ಕ್ಷಮೆ ಕೇಳಿದೆ. "ಬಿಡಿ ಮೇಡಂ, ನೀವೇನು ಬೇಕೂಂತ ಅಂದಿರಾ? ಎಲ್ಲರೂ ಅನ್ನೋದೇ ಅದು" ಎಂದಳು. ಎಲ್ಲರೂ ಅನ್ನೋದೇ ಅದು ಎಂಬ ಅವಳ ಸಮಾಧಾನವೇ ನನಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಹೋದ ವರ್ಷ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಅಡುಗೆಯಾಕೆ ಪಾತ್ರೆ ಉಜ್ಜುತ್ತಾ, ನನ್ನ ಕಡೆ ನೋಡದೆಯೇ, "ಅಮ್ಮಾರೇ, ನೀರು ನಿಂತು ಎಂಟು ದಿನ ಮೇಲಾಯ್ತು. ಆಪ್ರೇಸನ್ ಆಗೈತೆ ನಂಗೆ" ಎಂದಳು. ಅವಳ ಪಕ್ಕ ಕುಕ್ಕರುಗಾಲಿನಲ್ಲಿ ಕೂತೆ. ನನ್ನ ನಾಲಿಗೆಯ ತುದಿಗೆ ಆ ಹಳೆಯ ಮಾತು ಮತ್ತೆ ಬಂದಿತ್ತು, ಸುಳ್ಳು ಹೇಳಲಾರೆ. ಅದನ್ನು ನುಂಗಿಕೊಂಡು, "ಹೋದ ತಿಂಗಳು ಯಾವ ತಾರೀಖು ಆಗಿತ್ತು, ನೆನಪಿದೆಯಾ?" ಎಂದು ಕೇಳಿದೆ. ಆಪರೇಷನ್ ಆಗಿರುವುದರಿಂದ ಮರುದಿನದವರೆಗೂ ಕಾಯುವುದು ಬೇಡವೆನಿಸಿತು. ಕೈ ತೊಳೆದುಕೊಂಡು ಬಂದ ಅವಳನ್ನು ಕರೆದುಕೊಂಡು ಅರ್ಧ ದಿನ ರಜೆ ಬರೆದುಕೊಟ್ಟು ಆಸ್ಪತ್ರೆಗೆ ಹೊರಟೆ. ಗೇಟಿನ ಹತ್ತಿರ ಹೆಡ್‌ಮಾಸ್ಟರು "ಏನು ಮೇಡಂ, ಇದ್ದಕ್ಕಿದ್ದ ಹಾಗೆ?" ಎಂದರು. "ತುರ್ತು ಕೆಲಸ ಸಾರ್" ಎಂದೆ.